ನಮ್ಮ ಇಡ್ಲಿ ಅಡಿಗೆಮನೆಗೆ ಕೋಷರ್ ಪ್ರಮಾಣಪತ್ರ ಪಡೆದ ಐದು ತಿಂಗಳು

ನ್ಯೂಜೆರ್ಸಿಯ ಎಡಿಸನ್ನಿಗೂ ನ್ಯೂ ಬ್ರನ್ಸ್‌ವಿಕ್ಕಿಗೂ ನಡುವೆ, ರಾರಿಟನ್ ನದಿಯ ದಂಡೆಯಲ್ಲಿ, ಹೈಲ್ಯಾಂಡ್ ಪಾರ್ಕ್ ಎಂಬ ಪುಟ್ಟ ಊರಿದೆ. ಭಾರತೀಯ ಅಂಗಡಿಗಳಿಂದ ತುಂಬಿದ ಎಡಿಸನ್ನಿನ ಓಕ್ ಟ್ರೀ ರಸ್ತೆಯನ್ನು ಇಲ್ಲಿನ ನಮ್ಮವರಿಗೆ ಪರಿಚಯಿಸಬೇಕಾಗಿಲ್ಲ. ಆದರೆ ಅಲ್ಲಿಂದ ಕಾರಿನಲ್ಲಿ ಸ್ವಲ್ಪವೇ ದೂರದ ಹೈಲ್ಯಾಂಡ್ ಪಾರ್ಕಿನಲ್ಲಿ ಯಹೂದಿ ಸಂಪ್ರದಾಯಸ್ಥ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿವೆ ಎಂಬುದು ಅಲ್ಲಿಗೆ ಮನೆ ಬದಲಿಸುವವರೆಗೆ ನನಗೂ ತಿಳಿದಿರಲಿಲ್ಲ. ಶನಿವಾರ ಬೆಳಿಗ್ಗೆ ಇಡೀ ಕುಟುಂಬಗಳು ಕಾರು ಬಿಟ್ಟು ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ನಡೆದು ಹೋಗುವುದನ್ನು ನಮ್ಮ ಕಿಟಕಿಯಿಂದಲೇ ನೋಡಬಹುದು. ನಾನು ಇಲ್ಲಿ ಎರಡು ವರ್ಷದಿಂದ ಇಡ್ಲಿ, ದೋಸೆ, ಬಿಸಿಬೇಳೆಬಾತು, ಸಾಂಬಾರುಗಳನ್ನು ಮಾಡಿ ಡಬ್ಬಿಗಳಲ್ಲಿ ಮನೆಮನೆಗೆ ಕಳಿಸುವ ಸಣ್ಣ ಅಡಿಗೆಮನೆಯೊಂದನ್ನು ನಡೆಸುತ್ತಿದ್ದೇನೆ. ಆ ಅಡಿಗೆಮನೆಗೆ 2025ರ ಜನವರಿ 28ರಂದು ಕೋಷರ್ ಪ್ರಮಾಣಪತ್ರ, ಅಂದರೆ ಇಲ್ಲಿನ ಅಡಿಗೆ ಯಹೂದಿಗಳ ಆಹಾರ ನಿಯಮಗಳಿಗೆ ಒಪ್ಪುತ್ತದೆ ಎಂಬ ಪತ್ರ, ದೊರೆಯಿತು. ಅರ್ಜಿ ಹಾಕಿದ್ದು 2024ರ ಸೆಪ್ಟೆಂಬರ್ 9ರಂದು. ನಡುವಿನ ಸುಮಾರು ಐದು ತಿಂಗಳಲ್ಲಿ ನಾನು ಕೇಳಿ, ತಪ್ಪಿ, ತಿದ್ದಿಕೊಂಡು ಕಲಿತದ್ದನ್ನು ಒಂದೆಡೆ ಬರೆದಿಟ್ಟರೆ ಇದೇ ದಾರಿಯಲ್ಲಿ ಹೊರಡುವ ಕನ್ನಡಿಗರಿಗೆ ಗೊಂದಲ ಕಡಿಮೆಯಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆಲ್ಲ ಕಾರಣವಾದದ್ದು ಒಂದು ಬಾಳೆಹಣ್ಣು. 2024ರ ಆಗಸ್ಟಿನಲ್ಲಿ ಮಗಳ ಹುಟ್ಟುಹಬ್ಬಕ್ಕೆ ಎದುರುಮನೆಯವರನ್ನು ಕರೆದಿದ್ದೆವು. ಅವರ ಮಗಳೂ ನಮ್ಮವಳೂ ಒಂದೇ ವಯಸ್ಸಿನವರು, ದಿನವೂ ಜೊತೆಯಲ್ಲಿ ಆಡುವವರು. ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದೇ ಇಲ್ಲವಾದ್ದರಿಂದ ಅವರಿಗೆ ಏನೂ ತೊಂದರೆಯಾಗದು ಎಂದು ಭಾವಿಸಿ ನಾನು ಬೆಳಿಗ್ಗೆಯಿಂದ ಅಡಿಗೆ ಮಾಡಿದ್ದೆ. ಅವರು ಬಂದರು, ಎರಡು ಗಂಟೆ ಸಂತೋಷವಾಗಿ ಕುಳಿತರು, ಮಕ್ಕಳಿಗೆಂದು ತಾವೇ ತಂದಿದ್ದ ಮುಚ್ಚಿದ ಪೊಟ್ಟಣವನ್ನು ಬಿಚ್ಚಿದರು. ತಾಯಿ ಮಾತ್ರ ಕಾಗದದ ತಟ್ಟೆಯಲ್ಲಿ ಸುಲಿಯದ ಒಂದು ಬಾಳೆಹಣ್ಣನ್ನು ಇಟ್ಟುಕೊಂಡು ತಿಂದರು. ಅವರ ಮುಖದಲ್ಲಿದ್ದ ಮುಜುಗರ ನನಗೆ ರಾತ್ರಿಯೆಲ್ಲ ಕಾಡಿತು. ಮರುದಿನ ಅವರೇ ಬಂದು ವಿವರಿಸಿದರು. ಪದಾರ್ಥ ಸಸ್ಯಾಹಾರವಾಗಿದ್ದರೆ ಸಾಲದು. ಎಣ್ಣೆ ಎಲ್ಲಿಯದು, ಸೊಪ್ಪಿನಲ್ಲಿ ಹುಳವಿಲ್ಲವೆಂದು ಯಾರು ನೋಡಿದರು, ಪಾತ್ರೆಯಲ್ಲಿ ಹಿಂದೆ ಏನು ಬೆಂದಿತ್ತು, ಒಲೆಯನ್ನು ಯಾರು ಹಚ್ಚಿದರು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಬೇಕು. ಆ ಉತ್ತರಗಳನ್ನು ಪ್ರತಿಯೊಬ್ಬರೂ ಪ್ರತಿ ಮನೆಯಲ್ಲೂ ಕೇಳುತ್ತ ಕೂರಲಾಗದು. ಅದಕ್ಕಾಗಿಯೇ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಸಮಿತಿಯೊಂದು ನೋಡಿ ಒಪ್ಪಿಗೆ ಕೊಡುತ್ತದೆ, ಆ ಒಪ್ಪಿಗೆಯ ಹೆಸರು ಹೆಖ್ಶರ್. ಊರಿನ ರಾರಿಟನ್ ಅವೆನ್ಯೂದಲ್ಲಿ ಹೆಖ್ಶರ್ ಇರುವ ಅಂಗಡಿ, ಉಪಾಹಾರಗೃಹಗಳು ಇವೆ. ಆದರೆ ನಮ್ಮ ಬಗೆಯ ಊಟ ಬೇಕೆಂದರೆ ತಾವು ಮ್ಯಾನ್‌ಹ್ಯಾಟನ್ನಿನ ಲೆಕ್ಸಿಂಗ್ಟನ್ ಅವೆನ್ಯೂವರೆಗೆ ಹೋಗುತ್ತೇವೆ, ಅಲ್ಲಿ ಕೋಷರ್ ಆಗಿರುವ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲುಗಳಿವೆ ಎಂದೂ ಹೇಳಿದರು. ದೋಸೆಗಾಗಿ ಅಷ್ಟು ದೂರ ಹೋಗುವ ನೆರೆಯವರು ನನ್ನ ಅಡಿಗೆಮನೆಗೆ ಹತ್ತು ನಿಮಿಷದ ದೂರದಲ್ಲಿದ್ದಾರೆ ಎಂಬ ಯೋಚನೆಯೇ ಅರ್ಜಿಯಾಯಿತು.

ಗಣೇಶ ಚತುರ್ಥಿ ಮುಗಿದ ಸೋಮವಾರ ಅರ್ಜಿ ಕಳಿಸಿದೆ. ಅದರ ಮೊದಲ ಪುಟ ಸುಲಭ: ಮಾಲೀಕರು ಯಾರು, ಜಾಗ ಯಾರದ್ದು, ಯಾವ ದಿನ ಎಷ್ಟು ಹೊತ್ತು ಅಡಿಗೆ ನಡೆಯುತ್ತದೆ, ಆರೋಗ್ಯ ಇಲಾಖೆಯ ಪರವಾನಗಿಯ ಪ್ರತಿ, ವಿಮೆಯ ಪ್ರತಿ, ಅಡಿಗೆಮನೆಯ ನಕ್ಷೆ. ಎರಡನೆಯ ಭಾಗದಲ್ಲಿ ಒಳಗೆ ಬರುವ ಪ್ರತಿಯೊಂದು ಪದಾರ್ಥದ ಹೆಸರು, ತಯಾರಿಸಿದ ಕಂಪನಿ, ತಂದುಕೊಡುವ ವ್ಯಾಪಾರಿ ಮತ್ತು ಚೀಟಿಯ ಎರಡೂ ಬದಿಯ ಚಿತ್ರಗಳನ್ನು ಕೊಡಬೇಕು. ನನ್ನ ಪಟ್ಟಿ 63 ಪದಾರ್ಥಗಳಿಗೆ ಬಂದು ನಿಂತಿತು. ಮೂರನೆಯದು ಉಪಕರಣಗಳ ಪಟ್ಟಿ. ಪ್ರತಿ ಪಾತ್ರೆಯ ಲೋಹ ಯಾವುದು, ಹೊಸದೋ ಹಳೆಯದೋ, ಅದರಲ್ಲಿ ಒಣ ಬಿಸಿಯಲ್ಲಿ ಬೇಯಿಸುತ್ತೀರೋ ನೀರಿನಲ್ಲೋ ಎಂದು ಬರೆಯಬೇಕು. ಈ ಮೂರನೆಯ ಪಟ್ಟಿಯನ್ನು ನಾನು ಅವಸರದಲ್ಲಿ ತುಂಬಿದ್ದರಿಂದ ಮುಂದೆ ಎರಡು ವಾರ ಹಾಳಾಯಿತು. ದಯವಿಟ್ಟು ಪ್ರತಿ ಸೌಟನ್ನೂ ಕೈಯಲ್ಲಿ ಹಿಡಿದು ನೋಡಿ ಬರೆಯಿರಿ. ಮರದ ಹಿಡಿ, ಸೀಳಿದ ಪ್ಲಾಸ್ಟಿಕ್ಕು, ಕೆರೆದ ನಾನ್‌ಸ್ಟಿಕ್ ಇವೆಲ್ಲ ಬೇರೆ ಬೇರೆ ಲೆಕ್ಕಕ್ಕೆ ಹೋಗುತ್ತವೆ.

ಸೆಪ್ಟೆಂಬರ್ 24ರಂದು ಸಮಿತಿಯ ರಬ್ಬಿಯವರು ಮೊದಲ ಸಲ ಬಂದರು. ಅವರು ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತ ನನಗೆ ಕುಂದಾಪುರದ ನಮ್ಮ ಮನೆಯೂ ಅಜ್ಜಿಯ ಮಡಿಯೂ ನೆನಪಾದವು. ಅನ್ನದ ಪಾತ್ರೆ ಮುಟ್ಟಿದ ಕೈಯಲ್ಲಿ ಮೊಸರಿನ ಪಾತ್ರೆ ಮುಟ್ಟಿದರೆ ಮುಸುರೆ ಎಂದು ಕೈ ತೊಳೆಸುತ್ತಿದ್ದ ಅಜ್ಜಿಗೆ ಈ ರಬ್ಬಿಯವರ ಮಾತು ಅರ್ಧ ವಿವರಣೆಯಲ್ಲೇ ಅರ್ಥವಾಗುತ್ತಿತ್ತು. ಆದರೆ ಮಡಿಯ ಅಳತೆಗೋಲನ್ನು ಇಟ್ಟುಕೊಂಡೇ ಎಲ್ಲವನ್ನೂ ಅಳೆಯಲು ಹೋಗಿ ನಾನು ಹಲವು ಸಲ ತಪ್ಪಿದೆ. ಮಡಿಯಲ್ಲಿ ಅಡಿಗೆ ಮಾಡುವವರ ಸ್ನಾನ, ಬಟ್ಟೆ, ಮುಟ್ಟುವಿಕೆ ಮುಖ್ಯ. ಇಲ್ಲಿ ನಾನು ಹಿಟ್ಟು ಮುಟ್ಟಿದರೂ, ಕಲಸಿದರೂ, ಹೆಚ್ಚಿದರೂ ಏನೂ ಕೆಡುವುದಿಲ್ಲ. ಬೆಂಕಿಯ ವಿಷಯ ಮಾತ್ರ ಬೇರೆ. ಹಸಿಯಾಗಿ ತಿನ್ನಲಾಗದ, ಗೌರವದ ಊಟಕ್ಕೆ ಬಡಿಸುವಂಥ ಅಡಿಗೆಯನ್ನು ಬೇಯಿಸುವುದರಲ್ಲಿ ಯಹೂದಿಯೊಬ್ಬರ ಕೈ ಇರಬೇಕು. ಇದಕ್ಕೆ ಬಿಷುಲ್ ಇಸ್ರಾಯೇಲ್ ಎನ್ನುತ್ತಾರೆ. ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದ ಅಷ್ಕೆನಾಝಿಗಳಿಗೆ ಯಹೂದಿಯೊಬ್ಬರು ಒಲೆ ಹಚ್ಚಿದರೆ ಸಾಕು. ಸ್ಪೇನ್ ಮತ್ತು ಮಧ್ಯಪ್ರಾಚ್ಯದ ಕಡೆಯ ಸೆಫಾರ್ಡಿ ಪರಂಪರೆಯವರಿಗೆ ಪಾತ್ರೆಯನ್ನು ಒಲೆಯ ಮೇಲೆ ಇಡುವುದೂ ಯಹೂದಿಯ ಕೈಯಿಂದಲೇ ಆಗಬೇಕು. ಇದನ್ನು ಕೇಳಿದ ದಿನ ನನಗೆ ನೋವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಒಲೆಯನ್ನು ಇನ್ನೊಬ್ಬರು ಬಂದು ಹಚ್ಚಬೇಕೇ ಎನಿಸಿತು. ರಬ್ಬಿಯವರು ಮಾತನ್ನು ತೇಲಿಸದೆ, ಅನ್ಯರೊಡನೆ ಮದುವೆಯ ಸಂಬಂಧಗಳು ಬೆಳೆಯದಿರಲಿ ಎಂದು ಪ್ರಾಚೀನ ರಬ್ಬಿಗಳು ಮಾಡಿದ ಕಟ್ಟಳೆ ಇದು, ನಿಮ್ಮ ಶುಚಿತ್ವದ ಮೇಲಿನ ತೀರ್ಪಲ್ಲ ಎಂದು ನೇರವಾಗಿ ಹೇಳಿದರು. ಪರವೂರಿಗೆ ಹೋದರೆ ತಾನೇ ಬೇಯಿಸಿದ್ದನ್ನಲ್ಲದೆ ಬೇರೇನೂ ತಿನ್ನದೆ ಅವಲಕ್ಕಿಯ ಗಂಟು ಕಟ್ಟಿಕೊಂಡು ಹೊರಡುತ್ತಿದ್ದ ಅಜ್ಜಿಯನ್ನು ನಾನು ಪ್ರೀತಿಸಿದವಳು. ಆ ಮಾತನ್ನು ಒಪ್ಪಿಕೊಳ್ಳಲು ನನಗೆ ಒಂದು ವಾರ ಹಿಡಿಯಿತು.

ಆ ವಾರದ ನಂತರ ಎಲ್ಲವೂ ನಿಂತುಹೋಯಿತು. ಅಕ್ಟೋಬರ್ 3ರಂದು ನಮಗೆ ನವರಾತ್ರಿಯ ಪಾಡ್ಯ, ಅವರಿಗೆ ಹೊಸವರ್ಷ ರೋಷ್ ಹಶಾನಾದ ಮೊದಲ ದಿನ. ಅಕ್ಟೋಬರ್ 12ರಂದು ನಮಗೆ ವಿಜಯದಶಮಿ, ಅವರಿಗೆ ಉಪವಾಸದ ಯೋಮ್ ಕಿಪ್ಪುರ್. ಅದು ಮುಗಿದು ನಾಲ್ಕು ದಿನಕ್ಕೆ ಸುಕ್ಕೋತ್ ಹಬ್ಬ ಹಿಡಿದು ಅಕ್ಟೋಬರ್ 25ರವರೆಗೆ ಸಾಗಿತು. ಎರಡೂ ಕಡೆಯ ತಿಂಗಳು ಅಮಾವಾಸ್ಯೆಯ ಚಂದ್ರನನ್ನೇ ಹಿಡಿದು ಆರಂಭವಾಗುವುದರಿಂದ ಹೀಗೆ ಹಬ್ಬಗಳು ಎದುರುಬದುರಾಗುತ್ತವೆ ಎಂದು ಎದುರುಮನೆಯವರು ಪಂಚಾಂಗ ತೋರಿಸಿ ಹೇಳಿದರು. ನಮ್ಮ ಬೊಂಬೆಗಳನ್ನು ನೋಡಲು ಅವರ ಮಗಳು ಬಂದಿದ್ದಳು. ಅಡಿಗೆಮನೆಯ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಅರ್ಜಿ ಹಾಕುವವರು ಹಬ್ಬಗಳ ಈ ಸಾಲನ್ನು ತಪ್ಪಿಸಿ ಮೇ ಅಥವಾ ಜೂನ್ ತಿಂಗಳಿನಲ್ಲಿ ಹಾಕುವುದು ಒಳ್ಳೆಯದು. ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳು ಪೆಸಾಖ್ ಹಬ್ಬದ ಸಿದ್ಧತೆಯಲ್ಲಿ ಕಳೆದುಹೋಗುವುದರಿಂದ ಆಗಲೂ ಯಾರೂ ಸಿಗುವುದಿಲ್ಲ.

ಪದಾರ್ಥಗಳ ಪಟ್ಟಿ ಅಕ್ಟೋಬರ್ ಕೊನೆಯಲ್ಲಿ ಕೆಂಪು ಗುರುತುಗಳೊಡನೆ ಮರಳಿತು. ಇದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಅಡಿಗೆಗೆ ಬೇಕಾದ ಸಾಮಾನಿನ ವಿಷಯದಲ್ಲಿ ಮಾಹಿತಿ ಸುಲಭವಾಗಿ ಸಿಗುವುದಿಲ್ಲ. ಬರಿಯ ಅಕ್ಕಿ, ಒಣ ಬೇಳೆ, ಉಪ್ಪು, ಸಕ್ಕರೆ, ಪುಡಿ ಮಾಡದ ಕೊತ್ತಂಬರಿ ಬೀಜ, ಮೆಣಸು, ಜೀರಿಗೆ, ಸಾಸಿವೆ, ಇಡಿಯ ತರಕಾರಿ ಇವುಗಳಿಗೆ ಯಾವ ಗುರುತೂ ಬೇಕಾಗಲಿಲ್ಲ. ಎಣ್ಣೆಗೆ ಬೇಕು, ಏಕೆಂದರೆ ಒಂದೇ ಯಂತ್ರದಲ್ಲಿ ಪ್ರಾಣಿಯ ಕೊಬ್ಬನ್ನೂ ಸಂಸ್ಕರಿಸಿರಬಹುದು. ಇಂಗು ನನಗೆ ತಿಳಿಯದೇ ಇದ್ದ ತೊಡಕು. ಡಬ್ಬಿಯಲ್ಲಿ ಸಿಗುವ ಇಂಗಿನಲ್ಲಿ ಅಂಟು ಮತ್ತು ಹಿಟ್ಟು ಬೆರೆತಿರುತ್ತವೆಯಾದ್ದರಿಂದ ಅದಕ್ಕೆ ಕಂಪನಿಯ ಕೋಷರ್ ಪತ್ರವೇ ಆಗಬೇಕು. ಭಾರತದಿಂದ ರಫ್ತು ಮಾಡುವ ಅನೇಕ ಕಂಪನಿಗಳ ಬಳಿ ಈ ಪತ್ರ ಇದ್ದೇ ಇರುತ್ತದೆ, ಚೀಟಿಯ ಮೇಲೆ ಅಚ್ಚಾಗಿರುವುದಿಲ್ಲ, ಅಷ್ಟೆ. ಹಾಗಾಗಿ ಅಂಗಡಿಯವರನ್ನು ಕೇಳಿ ಕೈಬಿಡದೆ ನೇರವಾಗಿ ಕಂಪನಿಯ ರಫ್ತು ವಿಭಾಗಕ್ಕೆ ಬರೆಯಿರಿ. ಇಂಗಿನ ಕಂಪನಿಯವರು ಎರಡೇ ದಿನದಲ್ಲಿ ಪತ್ರ ಕಳಿಸಿದರು. ಮಸಾಲೆಪುಡಿಯ ಕಂಪನಿಯೊಂದು ಐದು ವಾರ ಸತಾಯಿಸಿ ಕೊನೆಗೆ ಅವಧಿ ಮುಗಿದ ಪತ್ರವನ್ನು ಕಳಿಸಿತು. ಅಷ್ಟರಲ್ಲಿ ನಾನು ಸಾರಿನ ಪುಡಿ, ಹುಳಿಪುಡಿಗಳನ್ನು ಇಡಿಯ ಸಾಮಾನಿನಿಂದ ಅಡಿಗೆಮನೆಯಲ್ಲೇ ಹುರಿದು ಮಾಡಲು ನಿಶ್ಚಯಿಸಿದ್ದೆ. ಅಂಗಡಿಯ ಉಪ್ಪಿನಕಾಯಿಯನ್ನು ಅದರಲ್ಲಿರುವ ವಿನೆಗರಿನ ಕಾರಣದಿಂದ ಕೈಬಿಟ್ಟೆ. ಹಪ್ಪಳವನ್ನೂ ಕೈಬಿಟ್ಟೆ. ಹುಣಸೆಯ ರಸದ ಬಾಟಲಿಯ ಬದಲು ಹುಣಸೆಹಣ್ಣನ್ನೇ ನೆನೆಸಿ ಸಣ್ಣ ಎಳೆಯ ಬಟ್ಟೆಯಲ್ಲಿ ಸೋಸುತ್ತೇನೆ.

ಚೀಟಿಯಲ್ಲಿ ಗುರುತು ಹುಡುಕುವವರಿಗೆ ಒಂದು ಮಾತು. ವೃತ್ತದೊಳಗೆ ಯು ಅಕ್ಷರವಿರುವ ಓಯು, ಮತ್ತೆ ಓಕೆ, ಸ್ಟಾರ್ ಕೆ, ಕೋಫ್ ಕೆ ಇವೆಲ್ಲ ಗೊತ್ತಾದ ಸಂಸ್ಥೆಗಳ ಗುರುತುಗಳು. ಬರಿಯ ಕೆ ಎಂಬ ಅಕ್ಷರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದಾದ್ದರಿಂದ ಅದರ ಹಿಂದೆ ಯಾರಿದ್ದಾರೆಂದು ವಿಚಾರಿಸದೆ ಒಪ್ಪುವುದಿಲ್ಲ. ಗುರುತಿನ ಪಕ್ಕದಲ್ಲಿ ಡಿ ಇದ್ದರೆ ಹಾಲಿನದು, ಪಾರ್ವೆ ಎಂದಿದ್ದರೆ ಹಾಲೂ ಇಲ್ಲ ಮಾಂಸವೂ ಇಲ್ಲ ಎಂದರ್ಥ.

ಈ ಪಾರ್ವೆ ಎಂಬ ಪದವೇ ನನ್ನ ಅಡಿಗೆಯನ್ನು ಬದಲಿಸಿತು. ಆಡಿನ ಮರಿಯನ್ನು ಅದರ ತಾಯಿಯ ಹಾಲಿನಲ್ಲಿ ಬೇಯಿಸಬೇಡ ಎಂಬ ಮಾತು ಅವರ ಧರ್ಮಗ್ರಂಥವಾದ ತೋರಾದಲ್ಲಿ ಮೂರು ಕಡೆ ಬರುತ್ತದೆ. ಅದರಿಂದ ಹಾಲು ಮತ್ತು ಮಾಂಸಗಳನ್ನು, ಅವುಗಳ ಪಾತ್ರೆಗಳನ್ನೂ ಬೇರೆ ಬೇರೆ ಇಡುವ ಕ್ರಮ ಬೆಳೆದಿದೆ. ಮಾಂಸ ತಿಂದವರು ಹಾಲಿನ ಪದಾರ್ಥ ಮುಟ್ಟಲು ಕಾಯಬೇಕು, ಹೆಚ್ಚಿನವರು ಆರು ಗಂಟೆ ಕಾಯುತ್ತಾರೆ, ಕೆಲವು ಪರಂಪರೆಗಳಲ್ಲಿ ಮೂರು ಗಂಟೆ. ನನ್ನ ಅಡಿಗೆಯಲ್ಲಿ ತುಪ್ಪ ಮತ್ತು ಮೊಸರು ಇದ್ದರೆ ಅವರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಮಾಂಸದ ಊಟದ ಪಕ್ಕದಲ್ಲಿ ನನ್ನ ಪಲ್ಯಕ್ಕೆ ಜಾಗವೇ ಇರುವುದಿಲ್ಲ. ಇಷ್ಟಲ್ಲದೆ ಹಾಲಿನಲ್ಲಿಯೂ ಎರಡು ಪಂಗಡಗಳಿವೆ. ಅಮೆರಿಕದಲ್ಲಿ ಸರಕಾರದ ನಿಗಾ ಇರುವ ಡೈರಿಯ ಹಾಲನ್ನು ಒಪ್ಪಬಹುದೆಂಬ ರಬ್ಬಿ ಮೋಶೆ ಫೈನ್‌ಸ್ಟೈನ್ ಅವರ ತೀರ್ಪನ್ನು ಅನುಸರಿಸುವವರು ಬಹಳ ಮಂದಿ. ಹಾಲು ಕರೆಯುವಾಗಲೇ ಯಹೂದಿಯೊಬ್ಬರು ನೋಡಿರಬೇಕು ಎನ್ನುವವರೂ ಇದ್ದಾರೆ. ನಾನು ಸಾಮಾನ್ಯ ಡೈರಿಯ ತುಪ್ಪ ತಂದರೆ ಕೆಲವರು ಉಣ್ಣಲಾರರು. ಮೂರು ದಿನ ಯೋಚಿಸಿ ತುಪ್ಪ, ಮೊಸರು, ಮಜ್ಜಿಗೆ ಎಲ್ಲವನ್ನೂ ಬಿಟ್ಟು ಇಡೀ ಅಡಿಗೆಮನೆಯನ್ನು ಪಾರ್ವೆ ಮಾಡಿದೆ. ಬಿಸಿಬೇಳೆಬಾತಿಗೆ ತೆಂಗಿನೆಣ್ಣೆ ಹಾಕುವಾಗ ಕೈ ಹಿಂಜರಿಯಿತು. ಮೊಸರನ್ನಕ್ಕೆಂದೇ ಬರುತ್ತಿದ್ದ ನಮ್ಮ ಕನ್ನಡದ ಗಿರಾಕಿಗಳಲ್ಲಿ ಏಳು ಮನೆಯವರು ನಿಂತುಹೋದರು, ಅದು ಇಂದಿಗೂ ನನಗೆ ಬೇಸರದ ವಿಷಯ. ಆದರೆ ಈ ಒಂದು ನಿರ್ಧಾರದಿಂದ ಹದಿನೈದು ಪತ್ರಗಳ ಓಡಾಟ ಉಳಿಯಿತು, ಎರಡು ಜೊತೆ ಪಾತ್ರೆಗಳ ಖರ್ಚು ಉಳಿಯಿತು. ಸಣ್ಣ ಅಡಿಗೆಮನೆಯವರಿಗೆ ನಾನು ಒತ್ತಿ ಹೇಳುವ ಸಲಹೆ ಇದೇ.

ಸೊಪ್ಪಿನ ಪಾಠ ನವೆಂಬರಿನಲ್ಲಿ ನಡೆಯಿತು. ಕೋಷರ್ ಕ್ರಮದಲ್ಲಿ ಕಣ್ಣಿಗೆ ಕಾಣುವ ಹುಳವನ್ನು ತಿನ್ನುವುದು ಬಹಳ ದೊಡ್ಡ ದೋಷ. ಒಂದು ಹುಳದಿಂದ ತೋರಾದ ಹಲವು ನಿಷೇಧಗಳು ಒಟ್ಟಿಗೇ ಮುರಿಯುತ್ತವೆ ಎನ್ನುತ್ತಾರೆ. ಹೂಕೋಸನ್ನು ಆ ದಿನವೇ ಪಟ್ಟಿಯಿಂದ ತೆಗೆಸಿದರು. ಕೊತ್ತಂಬರಿ ಮತ್ತು ಕರಿಬೇವುಗಳಿಗೆ ದಾರಿ ತೋರಿಸಿದರು. ನಿಗಾ ನೋಡುವ ವ್ಯಕ್ತಿಗೆ ಮಷ್ಗಿಯಾಖ್ ಎನ್ನುತ್ತಾರೆ. ನಮಗೆ ಗೊತ್ತುಮಾಡಿದ ಮಷ್ಗಿಯಾಖ್ ವಯಸ್ಸಾದವರು, ಮಾತು ಕಡಿಮೆ. ಕೊತ್ತಂಬರಿಯ ಕಟ್ಟನ್ನು ಸೋಪು ಬೆರೆಸಿದ ನೀರಿನಲ್ಲಿ ಮುಳುಗಿಸಿ ಕಲಕಿದರು, ತೊಳೆದರು, ಮತ್ತೆ ಬರಿಯ ನೀರಿನಲ್ಲಿ ಕಲಕಿ ಆ ನೀರನ್ನು ರೇಷ್ಮೆಯಷ್ಟು ಸಣ್ಣ ಎಳೆಯ ಬಿಳಿ ಬಟ್ಟೆಯಲ್ಲಿ ಸೋಸಿದರು. ಬಟ್ಟೆಯನ್ನು ಒಳಗಿನಿಂದ ಬೆಳಕು ಬರುವ ಪೆಟ್ಟಿಗೆಯ ಮೇಲೆ ಹರಡಿ ನನ್ನನ್ನು ಕರೆದರು. ನಾನು ಮಣ್ಣಿನ ಕಣ ಎಂದೆ. ಅವರು ಏನೂ ಹೇಳದೆ ಹಲ್ಲುಕಡ್ಡಿಯ ತುದಿಯಿಂದ ಅದನ್ನು ಮುಟ್ಟಿದರು, ಆ ಕಣ ಎಳ್ಳಿನ ಕಾಲು ಭಾಗದಷ್ಟು ದೂರ ತೆವಳಿತು. ಇಪ್ಪತ್ತು ವರ್ಷ ನಾನು ಒಗ್ಗರಣೆಗೂ ಚಟ್ನಿಗೂ ಹಾಕಿದ ಸೊಪ್ಪೆಲ್ಲ ಒಂದು ಕ್ಷಣ ಕಣ್ಣ ಮುಂದೆ ಬಂತು. ಬಟ್ಟೆ ಶುಭ್ರವಾಗಿ ಬರುವವರೆಗೆ ತೊಳೆಯಬೇಕು, ಮೂರನೆಯ ಸಲವೂ ಹುಳ ಕಂಡರೆ ಆ ಕಟ್ಟನ್ನೇ ಎಸೆಯಬೇಕು. ಬೇಳೆ ಮತ್ತು ರವೆಯನ್ನು ಬಿಳಿಯ ತಟ್ಟೆಯಲ್ಲಿ ಹರಡಿ ನೋಡುವುದು ನಮಗೆ ಹೊಸದೇನಲ್ಲ, ಮೊರ ಹಿಡಿದು ಬೆಳೆದವರಿಗೆ ಆ ಕಣ್ಣು ಇದ್ದೇ ಇರುತ್ತದೆ. ಸುಲಿದ ಈರುಳ್ಳಿ, ಬೆಳ್ಳುಳ್ಳಿಗಳನ್ನು ರಾತ್ರಿಯಿಡೀ ಹಾಗೆಯೇ ಇಡಬಾರದು ಎಂಬ ಹಳೆಯ ಪದ್ಧತಿಯೂ ಅವರಲ್ಲಿದೆ, ಆದ್ದರಿಂದ ಮರುದಿನದ ಹೆಚ್ಚುವ ಕೆಲಸವನ್ನು ಹಿಂದಿನ ಸಂಜೆ ಮುಗಿಸುವ ನಮ್ಮ ಅಭ್ಯಾಸ ನಿಂತಿತು.

ಇನ್ನು ಪಾತ್ರೆಗಳ ಮಾತು. ನಾನು ಬಾಡಿಗೆಗೆ ಹಿಡಿದ ಜಾಗದಲ್ಲಿ ಹಿಂದೆ ಮಾಂಸದ ಸ್ಯಾಂಡ್‌ವಿಚ್ ಮಾಡುತ್ತಿದ್ದರು. ಒಲೆ, ಓವನ್, ಉಕ್ಕಿನ ಮೇಜು ಎಲ್ಲವನ್ನೂ ಕೋಷರ್ ಮಾಡಬೇಕಿತ್ತು. ಹೇಗೆ ಹೀರಿತೋ ಹಾಗೆಯೇ ಬಿಡುತ್ತದೆ ಎಂಬುದು ಇದರ ಸೂತ್ರ. ನೀರಿನಲ್ಲಿ ಬೇಯಿಸಿದ ಲೋಹದ ಪಾತ್ರೆಯನ್ನು ತಿಕ್ಕಿ ತೊಳೆದು, 24 ಗಂಟೆ ಬಳಸದೆ ಇಟ್ಟು, ಕುದಿಯುವ ನೀರಿನಲ್ಲಿ ಪೂರ್ತಿ ಮುಳುಗಿಸುತ್ತಾರೆ. ಒಣ ಬಿಸಿಯಲ್ಲಿ ಬಳಸಿದ್ದನ್ನು ಬೆಂಕಿಯಲ್ಲೇ ಕಾಯಿಸಬೇಕು. ಪಿಂಗಾಣಿಯನ್ನು ಸರಿಪಡಿಸಲು ದಾರಿಯಿಲ್ಲ, ತೆಗೆದಿಡಬೇಕು. ಇಲ್ಲಿಯವರೆಗೆ ನನಗೆ ಒಪ್ಪಿಗೆಯಿತ್ತು. ಆದರೆ ನನ್ನ ದೋಸೆಯ ಕಾವಲಿ ಬೀಡುಕಬ್ಬಿಣದ್ದು, ಅಮ್ಮ ಕೊಟ್ಟದ್ದು, ಊರಿನಿಂದ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಇಟ್ಟು ತಂದದ್ದು. ಅಮ್ಮನ ಕೈಯಲ್ಲೂ ನನ್ನ ಕೈಯಲ್ಲೂ ಪಳಗಿ ಕನ್ನಡಿಯಂತೆ ಕಪ್ಪಾಗಿತ್ತು. ಅದರ ಮೇಲೆ ಪತ್ರವಿಲ್ಲದ ತುಪ್ಪ ಎಷ್ಟೋ ವರ್ಷ ಬಿದ್ದಿದೆ, ಮನೆಯಲ್ಲಿದ್ದಾಗ ಮಕ್ಕಳಿಗೆ ಆಮ್ಲೆಟ್ಟೂ ಆಗಿದೆ. ಅದನ್ನು ಕೋಷರ್ ಮಾಡಬೇಕೆಂದರೆ ಕಿಡಿ ಹಾರುವಷ್ಟು ಕೆಂಪಗೆ ಕಾಯಿಸಬೇಕು, ಪಳಗಿಸಿದ ಪದರವೆಲ್ಲ ಸುಟ್ಟುಹೋಗುತ್ತದೆ, ಕಾವಲಿ ಸೀಳಿದರೂ ಸೀಳಬಹುದು, ಮನೆಗೆ ಇಟ್ಟುಕೊಂಡು ಹೊಸದು ತನ್ನಿ ಎಂದು ರಬ್ಬಿಯವರೇ ಸಲಹೆ ಕೊಟ್ಟರು. ಹೊಸ ಕಾವಲಿಗಳಿಗೂ ಕಾರ್ಖಾನೆಯಲ್ಲಿ ಎಣ್ಣೆ ಸವರಿ ಪಳಗಿಸಿರುತ್ತಾರೆ, ಆ ಎಣ್ಣೆ ಯಾವುದೆಂದು ತಿಳಿಯಬೇಕು ಎಂದೂ ಎಚ್ಚರಿಸಿದರು. ಅಮ್ಮನಿಗೆ ಫೋನು ಮಾಡಿ ಕೇಳಿದೆ. ಅಡಿಗೆ ಮಾಡಲು ಕೊಟ್ಟದ್ದು, ಗೋಡೆಗೆ ತೂಗುಹಾಕಲು ಅಲ್ಲ ಎಂದರು.

ಡಿಸೆಂಬರ್ 15ರ ಭಾನುವಾರ ಇಬ್ಬರು ಬಂದು ಓವನ್ನು, ಒಲೆಯ ಕಂಬಿಗಳು ಎಲ್ಲವನ್ನೂ ಗ್ಯಾಸಿನ ಜ್ವಾಲೆಯ ಕೊಳವೆಯಿಂದ ಕಾಯಿಸಿದರು. ಕೊನೆಯಲ್ಲಿ ಹಿತ್ತಿಲಿಗೆ ಕಾವಲಿಯನ್ನು ಒಯ್ದರು. ಮೊದಲು ಹೊಗೆ ಎದ್ದಿತು, ಹಳೆಯ ಎಣ್ಣೆ ಸುಟ್ಟ ವಾಸನೆಯಲ್ಲಿ ನಮ್ಮ ಊರಿನ ಅಡಿಗೆಮನೆಯ ವಾಸನೆಯೂ ಇತ್ತು. ಕಪ್ಪು ಪದರ ಚಕ್ಕೆಚಕ್ಕೆಯಾಗಿ ಉದುರಿತು. ಅಂಚಿನಿಂದ ನಡುವಿನವರೆಗೆ ಮಂದವಾದ ಕೆಂಪು ಹರಡಿತು, ಕಬ್ಬಿಣದ ಕೋಲಿನಿಂದ ತಟ್ಟಿದಾಗ ಕಿಡಿ ಹಾರಿತು. ಆರಿದ ಮೇಲೆ ನೋಡಿದರೆ ಬೂದಿಯ ಬಣ್ಣದ, ಯಾರದೋ ಕಾವಲಿಯಂತೆ ಕಾಣುವ ಕಬ್ಬಿಣ. ಸೀಳಿರಲಿಲ್ಲ. ನಾನು ಅತ್ತೆ. ಮಷ್ಗಿಯಾಖ್ ಅವರು ಟೋಪಿ ಸರಿಪಡಿಸಿಕೊಂಡು ಬೇರೆ ಕಡೆ ನೋಡಿದರು. ಕೋಷರ್ ಗುರುತಿನ ಎಣ್ಣೆ ಸವರಿ, ಅರ್ಧ ಈರುಳ್ಳಿಯನ್ನು ಚುಚ್ಚಿ ಹಿಡಿದು ಉಜ್ಜುತ್ತ ಅದನ್ನು ಮತ್ತೆ ಪಳಗಿಸಲು ಹದಿಮೂರು ದಿನ ಬೇಕಾಯಿತು. ಅಷ್ಟೂ ದಿನ ದೋಸೆ ಏಳಲಿಲ್ಲ. ಹದಿನಾಲ್ಕನೆಯ ದಿನ ಎದ್ದಿತು.

ಕಾವಲಿ ಕಾಯಿಸಿದ ಮರುದಿನ, ಡಿಸೆಂಬರ್ 16ರ ಸೋಮವಾರದಿಂದಲೇ, ಆರು ವಾರಗಳ ಪರೀಕ್ಷಾ ಅವಧಿ. ವಾರಕ್ಕೆ ಐದು ದಿನ ಬೆಳಿಗ್ಗೆ ಐದೂವರೆಗೆ ಮಷ್ಗಿಯಾಖ್ ಬಂದು ಒಲೆಯ ಪೈಲಟ್ ದೀಪ ಹಚ್ಚಿ, ಸೊಪ್ಪು ನೋಡಿ, ಬಂದ ಸಾಮಾನಿನ ಚೀಟಿಗಳನ್ನು ಪಟ್ಟಿಗೆ ಹೋಲಿಸಿ ಹೋಗುವರು. ಸೆಫಾರ್ಡಿ ಮನೆಗಳಿಗೆ ಹೋಗುವ ಪಾತ್ರೆಗಳನ್ನು ಅವರೇ ಒಲೆಯ ಮೇಲೆ ಇಡುವರು. ಹೊತ್ತಿಸಿದ ಆ ದೀಪದಿಂದಲೇ ದಿನವಿಡೀ ಎಲ್ಲ ಒಲೆಗಳೂ ಹತ್ತಬೇಕು. ಜನವರಿಯ ಎರಡನೆಯ ವಾರ ಕಟ್ಟಡದಲ್ಲಿ ಗ್ಯಾಸಿನ ದುರಸ್ತಿ ನಡೆದು ದೀಪ ಆರಿತ್ತು, ದುರಸ್ತಿಗೆ ಬಂದವನು ಒಳ್ಳೆಯ ಮನಸ್ಸಿನಿಂದ ತಾನೇ ಮತ್ತೆ ಹಚ್ಚಿ ಹೋಗಿದ್ದ. ನನಗೆ ತಿಳಿಯುವಾಗ ಹದಿನೆಂಟು ಡಬ್ಬಿ ಸಾಂಬಾರು ಕುದಿದಾಗಿತ್ತು. ಯಾರಿಗೂ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಫೋನು ಮಾಡಿ ಹೇಳಿದೆ. ಆ ದಿನದ ಅಡಿಗೆಯನ್ನೂ ಪಾತ್ರೆಗಳನ್ನೂ ಬೇರೆ ಇಡಬೇಕಾಯಿತು, ಅಡಿಗೆಯನ್ನು ನಮ್ಮ ಪರಿಚಯದ ಭಾರತೀಯ ವಿದ್ಯಾರ್ಥಿಗಳಿಗೆ ಹಂಚಿದೆ. ಪಾತ್ರೆಗಳಿಗೆ ಮತ್ತೆ ಒಂದು ದಿನದ ವಿರಾಮ ಮತ್ತು ಕುದಿನೀರು. ನಷ್ಟವಾಯಿತು, ಆದರೆ ಅಡಿಗೆಮನೆಯ ಬೀಗದ ಕೈಯನ್ನು ಅವರಿಗೆ ಕೊಟ್ಟಿಡಬೇಕು, ಅವರು ಹೇಳದೆ ಕೇಳದೆ ಯಾವಾಗ ಬೇಕಾದರೂ ಬರಬಹುದು ಎಂಬ ಷರತ್ತನ್ನು ನಾನು ಅಂದಿನಿಂದ ಬೇರೆ ಬಗೆಯಲ್ಲಿ ನೋಡುತ್ತೇನೆ. ಎದುರುಮನೆಯಾಕೆ ನನ್ನ ಸಾಂಬಾರನ್ನು ಉಣ್ಣುವಾಗ ನನ್ನ ಫೋನನ್ನೂ ಆ ಬೀಗದ ಕೈಯನ್ನೂ ನಂಬಿ ಉಣ್ಣುತ್ತಾರೆ.

ಖರ್ಚಿನ ಲೆಕ್ಕವನ್ನು ಮುಚ್ಚಿಡದೆ ಕೊಡುತ್ತೇನೆ, ಊರಿಂದ ಊರಿಗೆ ಇದು ಬದಲಾಗುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅರ್ಜಿ ಮತ್ತು ಮೊದಲ ತಪಾಸಣೆಗೆ 400 ಡಾಲರ್, ಪಾತ್ರೆ ಒಲೆಗಳನ್ನು ಕೋಷರ್ ಮಾಡಿಸಿದ ದಿನಕ್ಕೆ 650, ಹೊಸ ಪಾತ್ರೆಗಳಿಗೆ 1,180, ಬೆಳಕಿನ ಪೆಟ್ಟಿಗೆ, ಬಟ್ಟೆ, ಜರಡಿಗಳಿಗೆ 210, ವಾರ್ಷಿಕ ಶುಲ್ಕದ ಮೊದಲರ್ಧ 1,500, ಆರು ವಾರದ ಮಷ್ಗಿಯಾಖ್ ಅವರ ಸಂಬಳ ಗಂಟೆಗೆ 25ರಂತೆ 1,500. ಒಟ್ಟು 5,440 ಡಾಲರ್. ಕಾಯುವ ತಿಂಗಳುಗಳ ಬಾಡಿಗೆ ಇದರಲ್ಲಿ ಸೇರಿಲ್ಲ. ಇದಲ್ಲದೆ ನ್ಯೂಜೆರ್ಸಿಯಲ್ಲಿ ಕೋಷರ್ ಎಂದು ಹೇಳಿ ಮಾರುವವರು, ಯಾರ ನಿಗಾದಲ್ಲಿ ಹೇಗೆ ನಡೆಸುತ್ತಿದ್ದೇವೆ ಎಂಬ ಘೋಷಣೆಯ ಪತ್ರವನ್ನು ಗಿರಾಕಿಗಳಿಗೆ ಕಾಣುವಂತೆ ಹಾಕಬೇಕು. ಇದು ರಾಜ್ಯದ ಗ್ರಾಹಕ ಸಂರಕ್ಷಣೆಯ ನಿಯಮ, ಸಮಿತಿಯ ಪ್ರಮಾಣಪತ್ರ ಇದ್ದರೂ ಇದು ಪ್ರತ್ಯೇಕವಾಗಿ ಬೇಕು. ನನಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲವಾದ್ದರಿಂದ ಕೊನೆಯ ವಾರದಲ್ಲಿ ಓಡಾಡಬೇಕಾಯಿತು.

ಶನಿವಾರ ನಾವು ಮುಚ್ಚುತ್ತೇವೆ. ಸಬ್ಬತ್ ಶುಕ್ರವಾರ ಸೂರ್ಯ ಮುಳುಗುವಾಗಲೇ ಹಿಡಿದು ಶನಿವಾರ ರಾತ್ರಿಯವರೆಗೆ ಇರುತ್ತದೆ, ಆ ಹೊತ್ತಿನಲ್ಲಿ ಅವರು ಫೋನನ್ನೂ ಬಳಸುವುದಿಲ್ಲ. ಚಳಿಗಾಲದಲ್ಲಿ ಇಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುವುದರಿಂದ ಶುಕ್ರವಾರದ ಡಬ್ಬಿಗಳು ಎರಡು ಗಂಟೆಯೊಳಗೆ ಮನೆ ತಲುಪಬೇಕು. ಪೆಸಾಖ್ ಹಬ್ಬಕ್ಕೂ (2025ರಲ್ಲಿ ಅದು ಏಪ್ರಿಲ್ 12ರ ಸಂಜೆಯಿಂದ 20ರವರೆಗೆ) ಮುಚ್ಚುತ್ತೇವೆ, ಏಕೆಂದರೆ ಪ್ರಮಾಣಪತ್ರ ಆ ಎಂಟು ದಿನಗಳಿಗೆ ಅನ್ವಯಿಸುವುದಿಲ್ಲ. ನಮ್ಮ ರವೆಯಲ್ಲಿರುವ ಗೋಧಿ ಆಗ ನಿಷಿದ್ಧ, ಅಷ್ಕೆನಾಝಿಗಳು ಅಕ್ಕಿ ಬೇಳೆಗಳನ್ನೂ ಬಿಡುತ್ತಾರೆ. ಮನೆಗೆ ಯಹೂದಿ ಸ್ನೇಹಿತರನ್ನು ಕರೆಯುವವರಿಗೆ ಇಷ್ಟೆಲ್ಲ ಬೇಕಿಲ್ಲ. ಹೆಚ್ಚದ ಇಡಿಯ ಹಣ್ಣು, ಗುರುತಿರುವ ಮುಚ್ಚಿದ ಪೊಟ್ಟಣ, ಕಾಗದದ ತಟ್ಟೆ ಇಟ್ಟು, ಯಾವ ಗುರುತನ್ನು ನೀವು ಒಪ್ಪುತ್ತೀರಿ ಎಂದು ಮೊದಲೇ ಕೇಳಿದರೆ ಅವರಿಗೆ ಎಷ್ಟೋ ಸಮಾಧಾನ.

ಪ್ರಮಾಣಪತ್ರ ಬಂದ ವಾರವೇ ಎದುರುಮನೆಯವರು ಮಸಾಲೆದೋಸೆ ತರಿಸಿಕೊಂಡರು, ಆಮೇಲೆ ವಾರಕ್ಕೆರಡು ಸಲ ತರಿಸುತ್ತಿದ್ದಾರೆ. ಕಳೆದ ಶುಕ್ರವಾರ ಡಬ್ಬಿಯ ಬದಲು ಇಡ್ಲಿಯ ಹಿಟ್ಟು ಕೇಳಿದರು. ಹಸಿ ಹಿಟ್ಟಿಗೆ ಬೆಂಕಿಯ ಕಟ್ಟಳೆಯಿಲ್ಲ, ತಮ್ಮ ಮನೆಯಲ್ಲಿ ತಮ್ಮ ಪಾತ್ರೆಯಲ್ಲಿ ತಾವೇ ಬೇಯಿಸಿ ನೋಡುತ್ತೇವೆ ಎಂದರು. ಸೂರ್ಯಾಸ್ತಕ್ಕೆ ಇನ್ನೂ ಸಮಯವಿದ್ದಾಗ ನನ್ನ ಫೋನಿಗೆ ಚಿತ್ರವೊಂದು ಬಂತು: ಸಣ್ಣ ಬಟ್ಟಲುಗಳಲ್ಲಿ ಎಂಟು ಇಡ್ಲಿಗಳು, ಸ್ವಲ್ಪ ಚಪ್ಪಟೆ. ಹಿಟ್ಟು ಸಾಕಷ್ಟು ಹುಳಿತಿಲ್ಲ, ಈ ಚಳಿಗೆ ಓವನ್ನಿನ ದೀಪ ಮಾತ್ರ ಹಾಕಿ ಅದರೊಳಗೆ ರಾತ್ರಿಯಿಡೀ ಇಡಿ ಎಂದು ಬರೆದು ಕಳಿಸಿದೆ. ಅಷ್ಟರಲ್ಲಿ ಅವರ ಮನೆಯಲ್ಲಿ ಸಬ್ಬತ್ ದೀಪ ಹಚ್ಚಿಯಾಗಿತ್ತು. ನನ್ನ ಸಂದೇಶವನ್ನು ಅವರು ಓದಿದ್ದು ಶನಿವಾರ ರಾತ್ರಿ.